ಅಚ್ಚಾಗದ ಸುದ್ದಿಗೆ ಕೂಲಿ ಇಲ್ಲ

ಅಕ್ಟೋಬರ್ ತಿಂಗಳು ಬಂತೆಂದರೆ ಬೆಂಗಳೂರಿನಿಂದ ಯಾರಾದರೂ ಫೋನ್ ಮಾಡುತ್ತಾರೆ. ಕಾಡುಗಳ್ಳ ವೀರಪ್ಪನ್ ಹತನಾದದ್ದು 2004ರ ಅಕ್ಟೋಬರ್ 18ರ ರಾತ್ರಿ, ಧರ್ಮಪುರಿ ಹತ್ತಿರದ ಪಾಪಾರಪಟ್ಟಿಯಲ್ಲಿ. ಆ ದಿನ ಹತ್ತಿರವಾದಂತೆ ಯಾವುದೋ ಚಾನೆಲ್ಲಿಗೋ ಯೂಟ್ಯೂಬ್ ತಂಡಕ್ಕೋ ಹೊಸದೊಂದು ಕತೆ ಬೇಕಾಗುತ್ತದೆ. "ನೀವು ತಾಳವಾಡಿ ಕಡೆಯವರಲ್ವಾ ಸಾರ್, ಆಗ ಪೇಪರಿಗೆ ಬರೀತಿದ್ರಂತೆ. ಅವನನ್ನ ನೋಡಿದ್ರಾ?" ಇಲ್ಲ ಎಂದ ತಕ್ಷಣ ದನಿಯ ಉತ್ಸಾಹ ಇಳಿಯುತ್ತದೆ. "ನೋಡಿದವರು ಯಾರಾದರೂ ಗೊತ್ತಾ?" ಅವನನ್ನು ಒಮ್ಮೆಯೂ ನೋಡದೆ ಅವನ ಹೆಸರಿನಲ್ಲಿ ಏಟು ತಿಂದವರು ಬೇಕಾದಷ್ಟು ಜನ ಇದ್ದಾರೆ, ಮಾತಾಡಿಸಲೇ ಎನ್ನುತ್ತೇನೆ. ಆಮೇಲೆ ಫೋನ್ ಮಾಡ್ತೀವಿ ಎನ್ನುತ್ತಾರೆ.

ಆ ಕಾಲದಲ್ಲೂ ಫೋನಿನ ಆ ತುದಿಯಲ್ಲಿದ್ದ ಪ್ರಶ್ನೆ ಇದೇ. ಎಲ್ಲಿದ್ದಾನೆ, ಯಾರನ್ನು ಕೊಂದ, ಎಷ್ಟು ದಂತ, ಎಷ್ಟು ಗಂಧ? ಕಾಡಂಚಿನಲ್ಲಿ ಕೂತು ಬಿಡಿ ವರದಿಗಾರನಾಗಿ ಬರೆದ ವರ್ಷಗಳ ಬಗ್ಗೆ ನನಗೆ ಹೇಳಬೇಕಾದದ್ದು ಬೇರೆಯೇ ಇದೆ. ಅದನ್ನು ಯಾರೂ ಕೇಳಿಲ್ಲ, ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಊರು ಗೊತ್ತಿಲ್ಲದವರಿಗೆ ಎರಡು ಮಾತು. ತಾಳವಾಡಿ ತಮಿಳುನಾಡಿನ ಈರೋಡು ಜಿಲ್ಲೆಗೆ ಸೇರಿದ್ದು. ನಾನು ಬರೆಯುತ್ತಿದ್ದಾಗ ಸತ್ಯಮಂಗಲ ತಾಲ್ಲೂಕಿನಲ್ಲಿತ್ತು, ಈಗ ಅದೇ ಒಂದು ತಾಲ್ಲೂಕು. ಮನೆಯ ಮಾತು ಕನ್ನಡ. 1956ರಲ್ಲಿ ರಾಜ್ಯಗಳನ್ನು ಹಂಚಿದಾಗ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ಮೈಸೂರಿಗೆ ಹೋಯಿತು, ನಾವು ಮದ್ರಾಸಿನಲ್ಲೇ ಉಳಿದೆವು. ಸಂತೆ, ಸಂಬಂಧ, ಆಸ್ಪತ್ರೆ ಎಲ್ಲಕ್ಕೂ ಹತ್ತಿರ ಚಾಮರಾಜನಗರ. ನಮ್ಮದೇ ಜಿಲ್ಲಾ ಕೇಂದ್ರಕ್ಕೆ ಹೋಗಬೇಕೆಂದರೆ ಹಾಸನೂರು ದಾಟಿ ದಿಂಬಂ ಘಾಟಿಯ 27 ತಿರುವು ಇಳಿದು, ಬಣ್ಣಾರಿ ಅಮ್ಮನಿಗೆ ಕೈಮುಗಿದು, ಸತ್ಯಮಂಗಲದ ಮೇಲೆ ಹೋಗಬೇಕು. ಬೆಳಗ್ಗೆ ಓದುವ ಪೇಪರ್ ಚಾಮರಾಜನಗರದಿಂದ ಬಸ್ಸಿನಲ್ಲಿ ಬರುವ ಕನ್ನಡದ್ದು. ಸ್ಟೇಷನ್ನಿನಲ್ಲಿ ಬರೆದುಕೊಡುವ ದೂರು ತಮಿಳಿನದು. ಒಂದು ರಾಜ್ಯದ ಓದುಗ, ಇನ್ನೊಂದು ರಾಜ್ಯದ ಪ್ರಜೆ. ಇಂಥ ಕಡೆ ಸುದ್ದಿ ಬರೆಯುವವನು ಯಾವ ರಾಜ್ಯದವನು?

ಈ ಪ್ರಶ್ನೆ ಸುಮ್ಮನೆ ಕೇಳಿದ್ದಲ್ಲ. 1991ರ ನವೆಂಬರಿನಲ್ಲಿ ವೀರಪ್ಪನ್ ಕೈಯಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರ ಕೊಲೆಯಾಯಿತು. ಮಾರನೆಯ ವರ್ಷ ಆಗಸ್ಟ್ 14ರಂದು ಮೀಣ್ಯದ ಬಳಿ ಎಸ್‌ಪಿ ಹರಿಕೃಷ್ಣ ಮತ್ತು ಸಬ್‌ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಅವರ ಕೊಲೆ. 1993ರ ಏಪ್ರಿಲ್‌ನಲ್ಲಿ ಪಾಲಾರ್ ಬಳಿ ನೆಲಬಾಂಬ್ ಸಿಡಿದು 22 ಜನ ಸತ್ತರು. ಅದಾದ ಮೇಲೆ ಎರಡೂ ರಾಜ್ಯಗಳ ವಿಶೇಷ ಕಾರ್ಯಪಡೆಗಳು ಕಾಡಂಚಿನ ಊರೂರಿಗೆ ಬಂದವು. ನಮ್ಮ ಜನ ಅದನ್ನು ಎಸ್‌ಟಿಎಫ್ ಎನ್ನುವುದಕ್ಕಿಂತ ಟಾಸ್ಕ್‌ಫೋರ್ಸ್ ಎಂದು ಕರೆದದ್ದೇ ಹೆಚ್ಚು. ಭಯೋತ್ಪಾದನೆ ತಡೆಯಲೆಂದು ಇದ್ದ ಟಾಡಾ ಕಾಯ್ದೆಯ ಕೆಳಗೆ ಸೋಲಿಗರು, ಬೇಸಾಯದವರು, ಕೂಲಿಯವರು ಮೈಸೂರು ಜೈಲಿಗೆ ಹೋದರು. ಮಲೆ ಮಹದೇಶ್ವರ ಬೆಟ್ಟದ ಶಿಬಿರಕ್ಕೆ ವರ್ಕ್‌ಶಾಪ್ ಎಂಬ ಹೆಸರು ಬಿತ್ತು. ಯಾರನ್ನಾದರೂ ವರ್ಕ್‌ಶಾಪಿಗೆ ಕರೆದುಕೊಂಡು ಹೋದರು ಎಂದರೆ ಊರಿನಲ್ಲಿ ಯಾರೂ ಮುಂದಿನ ಪ್ರಶ್ನೆ ಕೇಳುತ್ತಿರಲಿಲ್ಲ.

ಅಂಥ ದಿನಗಳಲ್ಲಿ ನಾನು ಒಂದು ಕನ್ನಡ ಪತ್ರಿಕೆಗೆ ಸುದ್ದಿ ಕಳಿಸಲು ಶುರು ಮಾಡಿದೆ. ನೇಮಕದ ಪತ್ರ ಇಲ್ಲ, ಗುರುತಿನ ಚೀಟಿ ಇಲ್ಲ. ಅಚ್ಚಾದ ಸುದ್ದಿಯನ್ನು ಕತ್ತರಿಸಿ ಹಾಳೆಗೆ ಅಂಟಿಸಿ ತಿಂಗಳ ಕೊನೆಗೆ ಕಳಿಸಬೇಕು. ಅವರು ಕಾಲಂ ಅಳತೆ ಮಾಡಿ ದುಡ್ಡು ಕೊಡುತ್ತಾರೆ. ಕೈಬರಹದ ಸುದ್ದಿಯನ್ನು ಕವರಿಗೆ ಹಾಕಿ ಚಾಮರಾಜನಗರದ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೆ. ತುರ್ತಾದರೆ ನಾನೇ ಹೋಗಿ ಫ್ಯಾಕ್ಸ್ ಮಾಡಬೇಕು. ಫ್ಯಾಕ್ಸಿನ ದುಡ್ಡು, ಫೋಟೋ ರೋಲು, ತೊಳೆಸಿದ್ದು, ಎಸ್‌ಟಿಡಿ ಬೂತಿನ ಬಿಲ್ಲು ಎಲ್ಲ ನನ್ನದೇ. ಬಿಡಿ ವರದಿಗಾರರ ಕಷ್ಟ ಎಂದರೆ ಇಷ್ಟೇ ಎಂದು ಹಲವರು ತಿಳಿದಿದ್ದಾರೆ. ದುಡ್ಡಿನ ಕಷ್ಟ ನಿಜ, ಮನೆಯಲ್ಲಿ ಅದರ ಬಿಸಿ ತಟ್ಟಿದೆ. ಆದರೆ ನನ್ನನ್ನು ಈವತ್ತಿಗೂ ಕಾಡುವುದು ಆ ಅಳತೆಯ ಒಳಗೆ ಇದ್ದ ಇನ್ನೊಂದು ವಿಷಯ. ಅದಕ್ಕೆ ಬರುತ್ತೇನೆ.

ಮೊದಲು ರಸ್ತೆಯ ಪಾಡು. ಕರ್ನಾಟಕದ ಕಡೆ ಚೆಕ್‌ಪೋಸ್ಟಿನಲ್ಲಿ ತಡೆದು ಕೇಳುತ್ತಿದ್ದರು, ನೀನು ತಮಿಳುನಾಡಿನವನು, ಇಲ್ಲೇನು ಕೆಲಸ? ಮಾನ್ಯತಾ ಪತ್ರ ತೋರಿಸು. ಮಾನ್ಯತೆ ಕೊಡುವುದು ಸರ್ಕಾರದ ವಾರ್ತಾ ಇಲಾಖೆ, ಅದೂ ಪತ್ರಿಕೆ ತನ್ನವನೆಂದು ಬರೆದುಕೊಟ್ಟವರಿಗೆ. ಪತ್ರಿಕೆ ನನ್ನನ್ನು ತನ್ನವನೆಂದು ಎಲ್ಲೂ ಬರೆದಿರಲಿಲ್ಲ. ತಮಿಳುನಾಡಿನ ಕಡೆ ಪ್ರಶ್ನೆ ತಿರುಗಾಮುರುಗಾ: ನಮ್ಮ ಕಾಡಿನ ವಿಷಯ ಕರ್ನಾಟಕದ ಪೇಪರಿಗೆ ಯಾಕೆ? 1991ರ ಡಿಸೆಂಬರಿನ ಕಾವೇರಿ ಗಲಭೆಯ ನೆನಪು ಎರಡೂ ಕಡೆ ಹಸಿಯಾಗಿತ್ತು. ಕನ್ನಡದಲ್ಲಿ ಬರೆಯುವವನು ತಮಿಳು ಪೊಲೀಸರ ಬಗ್ಗೆ ಬರೆದರೆ ಅದಕ್ಕೆ ಬೇರೆ ಬಣ್ಣ. ಕರ್ನಾಟಕದ ಪೊಲೀಸರ ಬಗ್ಗೆ ಬರೆದರೆ ನಮ್ಮ ಪತ್ರಿಕೆಯಲ್ಲೇ ಕೇಳುತ್ತಿದ್ದರು, ತಮಿಳರ ಪರ ಯಾಕ್ರೀ ಬರೀತೀರಿ?

ಇವೆಲ್ಲ ಸಹಿಸಬಹುದಾದ ಸಂಗತಿಗಳು. ಊರವರ ಅನುಮಾನವನ್ನು ಸಹಿಸುವುದು ಹಾಗಲ್ಲ, ಅದರಲ್ಲಿ ನ್ಯಾಯವಿತ್ತು. ನೋಟ್‌ಬುಕ್ ಹಿಡಿದು ಪ್ರಶ್ನೆ ಕೇಳುವ ಮನುಷ್ಯ ಯಾರ ಕಡೆಯವನು? ಟಾಸ್ಕ್‌ಫೋರ್ಸಿನ ಮಾಹಿತಿದಾರ ಇರಬಹುದು. ಮಾಹಿತಿದಾರರೆಂಬ ಗುಮಾನಿ ಬಂದವರನ್ನು ವೀರಪ್ಪನ್ ಏನು ಮಾಡುತ್ತಿದ್ದ ಎಂಬುದು ಎಲ್ಲರಿಗೂ ಗೊತ್ತಿತ್ತು. ಅಥವಾ ಕಾಡಿನವನಿಗೆ ಸುದ್ದಿ ಮುಟ್ಟಿಸುವವನಿರಬಹುದು. ಅಂಥವನ ಜೊತೆ ಮಾತಾಡಿದ್ದು ಗೊತ್ತಾದರೆ ರಾತ್ರಿ ಜೀಪು ಬರುತ್ತದೆ. ಬಂದೂಕು ಹಿಡಿದವನು ಅಕ್ಕಿ ಕೇಳಿದರೆ ಕೊಡದೆ ಇರಲಾಗದು, ಕೊಟ್ಟರೆ ಪೊಲೀಸರ ಕಣ್ಣಿನಲ್ಲಿ ಅವನ ಕಡೆಯವರು. ಹೀಗೆ ಎರಡೂ ಕಡೆಯಿಂದ ಬಾಯಿ ಕಟ್ಟಿಸಿಕೊಂಡಿದ್ದ ಜನರ ನಡುವೆ ನನ್ನ ಕೆಲಸ ಅವರ ಬಾಯಿ ಬಿಡಿಸುವುದು.

ಒಂದು ಪೋಡಿನಲ್ಲಿ, ಅಂದರೆ ಸೋಲಿಗರ ಹಾಡಿಯಲ್ಲಿ, ಒಬ್ಬ ಹೆಂಗಸು ನನ್ನ ಜೊತೆ ಮಾತಾಡಿದರು. ಗಂಡನನ್ನು ಕರೆದುಕೊಂಡು ಹೋದದ್ದು, ಅವನು ವಾಪಸು ಬಂದಾಗ ಕೈ ಎತ್ತಿ ಅನ್ನ ತಿನ್ನಲಾಗದೆ ಇದ್ದದ್ದು, ತನ್ನನ್ನೂ ಶಿಬಿರಕ್ಕೆ ಕರೆಸಿದ್ದು. ಎಲ್ಲವನ್ನೂ ಒಂದೇ ದನಿಯಲ್ಲಿ ಹೇಳಿದರು. ನಾನು ಎದ್ದಾಗ ಹೇಳಿದರು: "ನೀ ಬರ್ದುಬುಟ್ಟು ವೋಯ್ತೀಯ ಕನಪ್ಪ. ನಾಳಾಕ ಅವ್ರು ಬರದು ನಮ್ಮನ ಬಾಗ್ಲಿಗ."

ಅದನ್ನು ಬರೆಯುವುದು ಹೇಗೆ? ಪತ್ರಿಕೆಯ ಡೆಸ್ಕಿನವರು ಕೇಳಿದ್ದು ಮೂರು. ಹೆಸರು, ಫೋಟೋ, ಪೊಲೀಸರ ಪ್ರತಿಕ್ರಿಯೆ. ಹೆಸರು ಬದಲಿಸೋಣ ಎಂದೆ, ಒಪ್ಪಿದರು. ಆದರೆ ಬೆರಳೆಣಿಕೆಯಷ್ಟು ಮನೆಗಳ ಪೋಡಿನಲ್ಲಿ ಬದಲಿಸಿದ ಹೆಸರು ಯಾರನ್ನೂ ಮುಚ್ಚಿಡುವುದಿಲ್ಲ. ಗಂಡನ ಕೈ ಹೋಗಿದೆ ಎಂದು ಬರೆದರೆ ಸಾಕು, ಯಾರ ಮನೆ ಎಂದು ಇಡೀ ಶಿಬಿರಕ್ಕೆ ತಿಳಿಯುತ್ತದೆ. ಊರ ಹೆಸರು ಬಿಡೋಣ ಎಂದರೆ, ಊರೂ ಇಲ್ಲ ಹೆಸರೂ ಇಲ್ಲದ ಆರೋಪ ಹಾಕಲಾಗದು ಎಂದರು. ಪೊಲೀಸರ ಪ್ರತಿಕ್ರಿಯೆ ಇನ್ನೂ ದೊಡ್ಡ ಗಂಟು. ಆರೋಪಕ್ಕೆ ಒಳಗಾದವರ ಮಾತನ್ನೂ ಕೇಳಬೇಕೆಂಬ ನಿಯಮ ಸರಿಯಾದದ್ದೇ, ಅದನ್ನು ನಾನು ಈಗಲೂ ನಂಬುತ್ತೇನೆ. ಆದರೆ ಆ ಶಿಬಿರದ ಬಾಗಿಲಿಗೆ ಹೋಗಿ "ಇಂಥ ಪೋಡಿನ ಇಂಥ ಮನುಷ್ಯನಿಗೆ ಹೊಡೆದಿರಂತೆ, ಏನು ಹೇಳುತ್ತೀರಿ" ಎಂದು ಕೇಳಿದರೆ, ಆ ಪ್ರಶ್ನೆಯೇ ಮಾತಾಡಿದವರು ಯಾರೆಂದು ತೋರಿಸಿಕೊಟ್ಟಂತೆ.

ದೂರದಿಂದ ಬಂದ ವರದಿಗಾರ ಇದನ್ನು ಬರೆದು ಹೋಗಿಬಿಡಬಲ್ಲ. ಅವನು ಕೆಟ್ಟವನೆಂದಲ್ಲ, ಮಾರನೆಯ ದಿನ ಅಲ್ಲಿ ಏನಾಯಿತೆಂದು ಅವನಿಗೆ ತಿಳಿಯುವುದೇ ಇಲ್ಲ. ನಾನು ಅದೇ ಸಂತೆಗೆ ಹೋಗುವವನು, ಅದೇ ಬಸ್ಸಿನಲ್ಲಿ ಅವರ ಪಕ್ಕ ಕೂರುವವನು. ನನಗೆ ತಿಳಿಯುತ್ತದೆ. ಹಾಗಾಗಿ ಬರೆಯಲಿಲ್ಲ. ಇಂಥವು ಎಷ್ಟೋ ನನ್ನ ನೋಟ್‌ಬುಕ್ಕುಗಳಲ್ಲಿ ಉಳಿದವು. ಕಾಲಂ ಅಳತೆಯ ವಿಷಯ ಎಂದೆನಲ್ಲ, ಅದು ಇಲ್ಲಿದೆ. ಮಾತಾಡಿದವರನ್ನು ಕಾಪಾಡಲು ಸುದ್ದಿಯನ್ನು ತಡೆಹಿಡಿದ ತಿಂಗಳು ನನಗೆ ದುಡ್ಡಿಲ್ಲ. ಅವರನ್ನು ಅಪಾಯಕ್ಕೆ ಒಡ್ಡಿ ಕಳಿಸಿದ್ದರೆ ಮುಖಪುಟ, ಪೂರ್ತಿ ಅಳತೆಯ ದುಡ್ಡು. ಸಂಬಳ ಪಡೆಯುವ ವರದಿಗಾರ ಒಂದು ಸುದ್ದಿಯನ್ನು ಬೇಡವೆಂದು ಬಿಟ್ಟರೆ ಅವನ ಮನೆಯ ಒಲೆ ಉರಿಯುತ್ತದೆ. ನಮ್ಮಂಥವರ ಮನಸ್ಸಾಕ್ಷಿಗೆ ಪ್ರತಿಸಲವೂ ಹೊಟ್ಟೆಯಿಂದ ಕಡಿತ. ಸಂಘರ್ಷದ ಪ್ರದೇಶದಲ್ಲಿ ಇಂಥ ವ್ಯವಸ್ಥೆ ಇಟ್ಟುಕೊಳ್ಳುವುದು ಅನ್ಯಾಯ ಮಾತ್ರವಲ್ಲ, ಅಪಾಯಕಾರಿ. ಅಲ್ಲಿ ಸುದ್ದಿಗಾರನ ಬಡತನಕ್ಕೆ ಬೆಲೆ ತೆರುವುದು ಸುದ್ದಿ ಕೊಟ್ಟವರು.

ಮಾರಾಟವಾಗುತ್ತಿದ್ದ ಸುದ್ದಿಗಳು ಬೇರೆ. ದೀಪಾವಳಿಯ ಮಾರನೆ ದಿನ ಗುಮಟಾಪುರದಲ್ಲಿ ಗೊರೆಹಬ್ಬ. ಸಗಣಿ ಉಂಡೆ ಮಾಡಿ ಒಬ್ಬರ ಮೇಲೊಬ್ಬರು ಎಸೆದು ಆಡುವ, ನಮ್ಮ ಜನಕ್ಕೆ ಬಹಳ ಪ್ರೀತಿಯ ಹಬ್ಬ. ಅದರ ಫೋಟೋ ಯಾವ ವರ್ಷವೂ ವಾಪಸು ಬಂದದ್ದಿಲ್ಲ. ಆನೆ ತೋಟಕ್ಕೆ ನುಗ್ಗಿದ್ದು, ಚಿರತೆ ಕುರಿ ಹಿಡಿದದ್ದು ಸಹ ಹಾಗೆಯೇ. ನಾನು ಸಂತೋಷದಿಂದಲೇ ಕಳಿಸಿದ್ದೇನೆ. ಆದರೆ ಊರಿನ ಹಬ್ಬವೂ ಆನೆಯೂ ಡಕಾಯಿತನೂ ಪೇಪರಿನಲ್ಲಿ ಬಂದು, ಊರಿನ ಮನುಷ್ಯ ಮಾತ್ರ ಬಾರದೆ ಹೋದರೆ ಅದು ಯಾವ ಊರಿನ ಸುದ್ದಿ?

2000ನೇ ಇಸವಿ ಜುಲೈ 30, ಭಾನುವಾರ. ಆ ರಾತ್ರಿ ದೊಡ್ಡಗಾಜನೂರಿನ ತೋಟದ ಮನೆಯಿಂದ ಡಾ. ರಾಜ್‌ಕುಮಾರ್ ಅವರನ್ನು ವೀರಪ್ಪನ್ ಅಪಹರಿಸಿದ. ಗಾಜನೂರು ನಮ್ಮ ಪಕ್ಕದ್ದೇ, ಅವರು ಹುಟ್ಟಿದ ಊರು. ನಮಗೆ ಅವರು ಬೆಳ್ಳಿತೆರೆಯವರಾಗುವ ಮೊದಲೇ ನಮ್ಮವರು. ಸಂಕಟ ಎಷ್ಟಿತ್ತೆಂದು ಬರೆದು ತಿಳಿಸಲಾರೆ. ಬೆಂಗಳೂರಿನಲ್ಲಿ ಬೆಂಕಿ ಬಿದ್ದಿದೆ ಎಂಬ ಸುದ್ದಿ ಬರುವಾಗ ಇತ್ತ ಕನ್ನಡದ ಮನೆಗಳಲ್ಲಿ ಇನ್ನೊಂದು ಭಯ. ಅಲ್ಲಿ ತಮಿಳರಿಗೆ ಏನಾದರೂ ಆದರೆ ಇಲ್ಲಿ ನಮಗೇನಾಗುತ್ತದೋ!

ಒಂದೆರಡು ದಿನದಲ್ಲಿ ದೇಶದ ಎಲ್ಲ ಕಡೆಯ ವರದಿಗಾರರು ಬಂದರು. ಆ 108 ದಿನಗಳಲ್ಲಿ ನನಗೆ ಕೆಲಸಕ್ಕೆ ಬರವಿರಲಿಲ್ಲ, ಆದರೆ ಬರೆಯುವ ಕೆಲಸ ಅಲ್ಲ. ದಾರಿ ತೋರಿಸಿದೆ, ಸೋಲಿಗರ ಮಾತನ್ನು ಕನ್ನಡಕ್ಕೂ ತಮಿಳನ್ನು ಕನ್ನಡಕ್ಕೂ ಹೇಳಿದೆ, ಯಾವ ಊರಿನಲ್ಲಿ ಯಾರನ್ನು ಕೇಳಬಹುದೆಂದು ಹೇಳಿದೆ. ನಾನು ಹೇಳಿದ್ದು ಮಾರನೆ ದಿನ "ವಿಶೇಷ ಪ್ರತಿನಿಧಿಯಿಂದ" ಎಂಬ ಸಾಲಿನ ಕೆಳಗೆ ಬರುತ್ತಿತ್ತು. ಹೆಸರು ಬಾರದ್ದಕ್ಕೆ ನೋವಿತ್ತು, ಅದಕ್ಕಿಂತ ಹೆಚ್ಚಿನ ನೋವು ಇನ್ನೊಂದು. ವೀರಪ್ಪನ್ ಕಳಿಸಿದ ಬೇಡಿಕೆಗಳಲ್ಲಿ ಕಾವೇರಿ ನೀರಿನ ವಿಷಯ ಇತ್ತು, ಬೆಂಗಳೂರಿನಲ್ಲಿ ತಮಿಳು ಕವಿ ತಿರುವಳ್ಳುವರ್ ಪ್ರತಿಮೆ ತೆರೆಯಬೇಕೆಂಬುದು ಇತ್ತು, ಟಾಡಾ ಬಂದಿಗಳ ಬಿಡುಗಡೆಯೂ ಇತ್ತು. ವರ್ಷಗಟ್ಟಲೆ ಮೈಸೂರು ಜೈಲಿನಲ್ಲಿ ವಿಚಾರಣೆ ಮುಗಿಯದೆ ಕೊಳೆಯುತ್ತಿದ್ದ ನಮ್ಮ ಕಡೆಯ ಜನ ಆಗ ಮೊದಲ ಸಲ ದೇಶದ ಸುದ್ದಿಯಾದರು. ಹೇಗೆ? ಒಬ್ಬ ಕೊಲೆಗಾರನ ಬೇಡಿಕೆಯ ಪಟ್ಟಿಯಲ್ಲಿ ಒಂದು ಸಾಲಾಗಿ. ಅವರ ಪರ ಮಾತಾಡುವುದೆಂದರೆ ಅವನ ಪರ ಮಾತಾಡಿದಂತೆ ಎಂಬ ಸ್ಥಿತಿ ಬಂತು.

ಅವರ ಮೇಲಿನ ಟಾಡಾ ಆರೋಪ ಕೈಬಿಡಲು ಹೊರಟ ಸರ್ಕಾರವನ್ನು ಸುಪ್ರೀಂ ಕೋರ್ಟ್ ನವೆಂಬರ್ 7ರಂದು ತಡೆಯಿತು. ಅರ್ಜಿ ಹಾಕಿದವರು ಅಬ್ದುಲ್ ಕರೀಂ, ಮೀಣ್ಯದಲ್ಲಿ ಸತ್ತ ಶಕೀಲ್ ಅಹಮದ್ ಅವರ ತಂದೆ. ಮಗನನ್ನು ಕೊಂದವರ ಜೊತೆ ಸರ್ಕಾರ ಚೌಕಾಸಿ ಮಾಡಬಾರದೆಂದು ಆ ತಂದೆ ಕೇಳಿದ್ದು ನ್ಯಾಯ. ಮಾಡದ ತಪ್ಪಿಗೆ ಮಗ ಜೈಲಿನಲ್ಲಿದ್ದಾನೆಂದು ಕಾಡಂಚಿನ ಇನ್ನೊಬ್ಬ ತಂದೆ ಹೇಳುತ್ತಿದ್ದುದೂ ನ್ಯಾಯ. ಎರಡೂ ಒಂದೇ ಬರಹದಲ್ಲಿ ಬರಲೆಂದು ನಾನು ಬರೆದು ಕಳಿಸಿದೆ. ಬಂದದ್ದು ಮೊದಲನೆಯದು ಮಾತ್ರ, ಎರಡನೆಯದಕ್ಕೆ ಜಾಗ ಸಾಲಲಿಲ್ಲವಂತೆ. 2001ರಲ್ಲಿ ಮೈಸೂರಿನ ಟಾಡಾ ನ್ಯಾಯಾಲಯ ಆ ಬಂದಿಗಳಲ್ಲಿ ಬಹುಪಾಲು ಜನರನ್ನು ನಿರ್ದೋಷಿಗಳೆಂದು ಬಿಟ್ಟಿತು. ಅಷ್ಟರಲ್ಲಿ ಅಣ್ಣಾವ್ರು ನವೆಂಬರ್ 15ಕ್ಕೇ ಸುರಕ್ಷಿತವಾಗಿ ಬಂದಿದ್ದರು. ಟಿವಿ ಗಾಡಿಗಳು ಆ ವಾರವೇ ಹೊರಟುಹೋಗಿದ್ದವು. ಬಿಡುಗಡೆಯಾದವರು ಊರಿಗೆ ಬಂದಾಗ ಬಸ್‌ಸ್ಟ್ಯಾಂಡಿನಲ್ಲಿ ಅವರ ಮನೆಯವರನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ.

ನನಗೇನಾದರೂ ಆಗಿದ್ದರೆ ಎಂದು ಆಗ ಹೆಚ್ಚು ಯೋಚಿಸಿರಲಿಲ್ಲ. 2003ರಲ್ಲಿ ತಮಿಳಿನ ನಕ್ಕೀರನ್ ಪತ್ರಿಕೆಯ ಸಂಪಾದಕ ಗೋಪಾಲ್ ಅವರನ್ನು ಭಯೋತ್ಪಾದನೆ ವಿರುದ್ಧದ ಪೋಟಾ ಕಾಯ್ದೆಯಡಿ ಬಂಧಿಸಿದಾಗ ನಿಜವಾಗಿ ಅರ್ಥವಾಯಿತು. ಎರಡು ಸರ್ಕಾರಗಳ ಪರವಾಗಿ ಕಾಡಿಗೆ ಸಂಧಾನಕ್ಕೆ ಹೋಗಿ ಬಂದವರು, ಸ್ವಂತ ಪತ್ರಿಕೆ ಇದ್ದವರು. ಅವರಿಗೇ ಜಾಮೀನು ಸಿಗುವುದಕ್ಕೆ ತಿಂಗಳುಗಳು ಬೇಕಾದವು. ಜೇಬಿನಲ್ಲಿ ಒಂದು ಚೀಟಿಯೂ ಇಲ್ಲದವನನ್ನು ಹಿಡಿದಿದ್ದರೆ, ಇವನು ನಮ್ಮವನು ಎಂದು ಹೇಳಲು ಯಾರೂ ಇರುತ್ತಿರಲಿಲ್ಲ. ಪತ್ರಿಕೆಯ ಒಂದು ಸಾಲಿನ ಪತ್ರ ಕೇಳಿ ನಾನು ಬರೆದ ಕಾಗದಗಳಿಗೆ ಉತ್ತರ ಬಂದಿಲ್ಲ.

ಹಾಗಿದ್ದರೆ ನಾವು ಬರೆಯಲಾಗದ್ದನ್ನು ಬರೆದವರು ಯಾರು? ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಮುಂದಾಳತ್ವದಲ್ಲಿ ಈ ದೂರುಗಳ ವಿಚಾರಣೆಗೆ ಸಮಿತಿ ನೇಮಿಸಿತು. ಜನ ಅವರ ಮುಂದೆ ನಿಂತು ಹೆಸರು ಹೇಳಿ ಸಾಕ್ಷಿ ಕೊಟ್ಟರು. ನನಗೆ ಗುಟ್ಟಿನಲ್ಲಿ ಹೇಳಿದ್ದನ್ನು ಕೆಲವರು ಅಲ್ಲಿ ಗಟ್ಟಿಯಾಗಿ ಹೇಳಿದರು. 2007ರಲ್ಲಿ ಆಯೋಗ 89 ಜನರಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಕೊಡಿಸಲು ಹೇಳಿತು. ನಾನು ಆ ಪಟ್ಟಿಯನ್ನು ನನ್ನ ನೋಟ್‌ಬುಕ್ಕುಗಳ ಪಕ್ಕದಲ್ಲಿಟ್ಟು ನೋಡಿದೆ. ಅಲ್ಲಿ ಇಲ್ಲದವರು ನನ್ನಲ್ಲಿದ್ದರು. ಹೆದರಿ ಹೋಗದವರು, ಬಸ್ಸಿಗೆ ದುಡ್ಡಿಲ್ಲದೆ ಹೋಗದವರು, ವಿಚಾರಣೆ ನಡೆಯುತ್ತಿದೆ ಎಂಬುದೇ ತಿಳಿಯದವರು. ಈ ಕೊನೆಯವರದ್ದು ನನಗೆ ಹೆಚ್ಚು ತಟ್ಟುತ್ತದೆ. ಇಂಥ ದಿನ ಇಂಥ ಕಡೆ ವಿಚಾರಣೆ ಇದೆ ಎಂಬ ಮೂರು ಸಾಲಿನ ಸುದ್ದಿ ನಮ್ಮ ಕಡೆ ಬರುವ ಆವೃತ್ತಿಯಲ್ಲಿ ಇರಲಿಲ್ಲ. ನಾನು ಕಳಿಸಿದ್ದು ಕರ್ನಾಟಕದ ಜಿಲ್ಲೆಗೆ ಸಂಬಂಧವಿಲ್ಲವೆಂದು ಬಿಟ್ಟುಹೋಗಿತ್ತು.

ವಾಚಾತಿಯನ್ನು ನೆನೆಯುತ್ತೇನೆ. ಅದೂ ಧರ್ಮಪುರಿ ಜಿಲ್ಲೆಯ ಬೆಟ್ಟದ ತಪ್ಪಲಿನ ಊರು. 1992ರ ಜೂನ್ 20ರಂದು ಗಂಧದ ಮರ ಹುಡುಕುವ ನೆಪದಲ್ಲಿ ಅರಣ್ಯ, ಪೊಲೀಸ್, ಕಂದಾಯ ಇಲಾಖೆಯವರು ನುಗ್ಗಿ 18 ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ಮಾಡಿದರು. ನೂರಾರು ನೌಕರರ ಮೇಲೆ ಮೊಕದ್ದಮೆ ನಡೆಯಿತು. 2011ರಲ್ಲಿ ಬದುಕಿದ್ದ ಎಲ್ಲ 215 ಆರೋಪಿಗಳಿಗೂ ಶಿಕ್ಷೆಯಾಯಿತು, 2023ರ ಸೆಪ್ಟೆಂಬರಿನಲ್ಲಿ ಮದ್ರಾಸ್ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಮೂವತ್ತೊಂದು ವರ್ಷ. ಅಲ್ಲಿನ ಹೆಣ್ಣುಮಕ್ಕಳು ಬಗ್ಗದೆ ನಿಂತರು, ಅವರ ಬೆನ್ನಿಗೆ ಬುಡಕಟ್ಟು ಜನರ ಸಂಘ ಇತ್ತು, ವಕೀಲರಿದ್ದರು. ಸುದ್ದಿ ಆರಿದ ಮೇಲೂ ಅಲ್ಲೇ ಉಳಿಯುವ ಜನ ಬೇಕು. ಅಂಥ ಉಳಿಯುವಿಕೆಯನ್ನು ಕಾಲಂ ಇಂಚಿನ ದುಡ್ಡಿನಲ್ಲಿ ಒಬ್ಬ ಬಿಡಿ ವರದಿಗಾರ ಎಷ್ಟು ದಿನ ನಡೆಸಿಯಾನು?

ಈಗ ತಾಳವಾಡಿ, ಹಾಸನೂರು, ಕಡಂಬೂರು ಕಡೆಯ ಹುಡುಗ ಹುಡುಗಿಯರು ಕೈಯಲ್ಲಿ ಫೋನ್ ಹಿಡಿದು ಸುದ್ದಿ ಮಾಡುತ್ತಾರೆ. 2013ರಿಂದ ಸತ್ಯಮಂಗಲ ಹುಲಿ ರಕ್ಷಿತಾರಣ್ಯ, 2022ರಿಂದ ದಿಂಬಂ ದಾರಿಗೆ ರಾತ್ರಿ ಸಂಚಾರದ ಕಟ್ಟುಪಾಡು. ಸಂಘರ್ಷದ ರೂಪ ಬದಲಾಗಿದೆ, ಕಾಡಂಚಿನವರ ಮೇಲಿನ ಗುಮಾನಿ ಅಷ್ಟಾಗಿ ಬದಲಾಗಿಲ್ಲ. ಅವರಿಗೂ ವೀಕ್ಷಣೆ ಎಷ್ಟು ಬಂತೋ ಅಷ್ಟೇ ದುಡ್ಡು. ಅವರು ಬಂದು ಕೇಳಿದಾಗ ನಾನು ಹೇಳುವುದು ಇಷ್ಟು: ಯಾರಿಗೆ ಕಳಿಸುತ್ತೀರೋ ಅವರಿಂದ ಮೊದಲು ಕಾಗದ ಬರೆಸಿಕೊಳ್ಳಿ. ಹೋಗಿ ಬಂದ ದಿನಕ್ಕೆ ದುಡ್ಡು ಕೇಳಿ, ಸುದ್ದಿ ಬಂದರೂ ಬಾರದಿದ್ದರೂ. ಮಾತಾಡಿದವರ ಮುಖ, ಹೆಸರು ಫೋನಿನಲ್ಲಿ ಉಳಿಯದಂತೆ ನೋಡಿಕೊಳ್ಳಿ, ಫೋನ್ ಕಿತ್ತುಕೊಂಡರೆ ಎಲ್ಲ ಹೋಯಿತು. ದೊಡ್ಡ ಸಂಸ್ಥೆಗಳಿಗೂ ನನ್ನ ಬೇಡಿಕೆ ಇದೇ. ನಮ್ಮ ಕಾಲದಲ್ಲಿ ಕೇಳಿ ಸಿಗಲಿಲ್ಲ, ಇವರ ಕಾಲದಲ್ಲಾದರೂ ಸಿಗಬೇಕು.

ಈ ನಡುವೆ ಹಳೆಯ ನೋಟ್‌ಬುಕ್ಕುಗಳನ್ನು ಹಿಡಿದು ಮತ್ತೆ ಆ ಊರುಗಳಿಗೆ ಹೋಗುತ್ತಿದ್ದೇನೆ. ಮಾತಾಡಿದವರಲ್ಲಿ ಹಲವರು ತೀರಿಕೊಂಡಿದ್ದಾರೆ. ಇದ್ದವರಿಗೆ ಅವರದೇ ಮಾತನ್ನು ಓದಿ ಹೇಳಿ, ಈಗ ಬರೆಯಲೇ ಎಂದು ಕೇಳುತ್ತೇನೆ. ಕೆಲವರು ಈಗಲೂ ಬೇಡ ಎನ್ನುತ್ತಾರೆ. ಮಗಳ ಮದುವೆ ಆಗಬೇಕು ಬುಡಿ ಎಂದ ಒಬ್ಬರ ಪುಟಗಳನ್ನು ಅವರ ಕೈಗೇ ಕೊಟ್ಟು ಬಂದೆ. ಇನ್ನು ಕೆಲವರು ಹೆಸರು ಹಾಕಿಯೇ ಬರೆಯಿರಿ ಎಂದಿದ್ದಾರೆ. ಅಂಥವರ ಒಪ್ಪಿಗೆ ಪಡೆದು, ಆರೋಪಗಳನ್ನು ಬರೆದು ಎರಡೂ ರಾಜ್ಯಗಳ ಪೊಲೀಸ್ ಇಲಾಖೆಗೆ ಕಳಿಸಿ ಪ್ರತಿಕ್ರಿಯೆ ಕೇಳಿದ್ದೇನೆ. ಅಂದು ಶಿಬಿರದ ಬಾಗಿಲಿನಲ್ಲಿ ಕೇಳಲಾಗದ ಪ್ರಶ್ನೆಯನ್ನು ಈಗ ಅಂಚೆಯಲ್ಲಿ ಕೇಳಬಹುದು, ಕೇಳು ಎಂದು ಅವರೇ ಹೇಳಿದ್ದಾರೆ. ಉತ್ತರ ಬಂದರೆ ಅದನ್ನೂ, ಬಾರದಿದ್ದರೆ ಬರಲಿಲ್ಲವೆಂದೂ ಸೇರಿಸಿ ಮುಂದಿನ ತಿಂಗಳಿಂದ ಒಬ್ಬೊಬ್ಬರ ಮಾತನ್ನು ಇಲ್ಲಿ ಹಾಕುತ್ತೇನೆ.